ಎರಡು ಮೂಗಿನ ತೀರ್ಪು

ಮಾರ್ಚ್ ೪, ಸೋಮವಾರ

ಜ್ವರ ಬಿಟ್ಟ ಮೇಲೆ ಇವತ್ತೇ ಮೊದಲ ಸಲ ಕೆಲಸಕ್ಕೆ ಹೋದೆ. ಹೋಗಬಾರದಿತ್ತು.

ಕಾರ್ಖಾನೆಯ ಹಿಂದಿನ ಬಾಗಿಲಿನಿಂದ ಒಳಗೆ ಹೋದರೆ ಬಲಗಡೆ ತಂಬಾಕಿನ ಎಲೆ ಹದಕ್ಕೆ ಹಾಕುವ ಕೋಣೆ. ರಾಶಿ ಒಳಗೊಳಗೇ ಬಿಸಿಯಾಗಿ ಬೇಯುತ್ತಿರುತ್ತದೆ. ಹೊಸಬರು ಆ ಬಾಗಿಲು ದಾಟುವಾಗ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಓಡುತ್ತಾರೆ. ನಾನು ಇವತ್ತು ಅಲ್ಲೇ ನಿಂತುಬಿಟ್ಟೆ. ಕಣ್ಣು ಉರಿಯಿತು, ನೀರೂ ಬಂತು, ವಾಸನೆ ಮಾತ್ರ ಬರಲಿಲ್ಲ. ಇನ್ನಷ್ಟು ಹತ್ತಿರ ಹೋಗಿ ಎದೆತುಂಬ ಎಳೆದುಕೊಂಡೆ. ಏನೂ ಇಲ್ಲ. ಕೈತೊಳೆಯುವ ಕಡೆ ಹೋಗಿ ಸೋಪು ಮೂಸಿದೆ. ಏನೂ ಇಲ್ಲ. ನಾಚಿಕೆ ಬಿಟ್ಟು ಕಾಲಿನ ಚಪ್ಪಲಿ ಬಿಚ್ಚಿ ಅದನ್ನೂ ಮೂಸಿದೆ. ನನ್ನ ಚಪ್ಪಲಿಗೆ ವಾಸನೆ ಇಲ್ಲ ಎಂದು ನಂಬುವಷ್ಟು ಹುಚ್ಚಿ ನಾನಲ್ಲ.

ಬರೀ ನೆಗಡಿ ಇರಬೇಕು. ಸರಿಹೋಗುತ್ತದೆ. ಮೂಗಿನಿಂದಲೇ ಅನ್ನ ತಿನ್ನುವವಳಿಗೆ ಮೂಗು ಹೀಗೆಲ್ಲ ಕೈಕೊಡುವುದಿಲ್ಲ.

ಇವರಿಗೆ ಹೇಳಿಲ್ಲ. ಹೇಳಿದರೆ ಇಡೀ ಬೀದಿಗೆ ಹೇಳಿದಂತೆ. ಅಂಗಿಯ ಅಳತೆ ಕೊಡಲು ಬಂದವರಿಗೆಲ್ಲ ನನ್ನ ಮೂಗಿನ ಕಥೆಯನ್ನೂ ಸೇರಿಸಿ ಹೊಲಿದು ಕಳಿಸುತ್ತಾರೆ. ಊರಿನ ಅಂಗಿಗೆಲ್ಲ ಗುಂಡಿ ಹಾಕುವ ಈ ದರ್ಜಿ ತಮ್ಮ ಬಾಯಿಗೆ ಒಂದು ಗುಂಡಿ ಹಾಕಿಕೊಂಡದ್ದನ್ನು ನಾನು ಕಂಡಿಲ್ಲ. ಅದಕ್ಕೇ ಈ ಪುಸ್ತಕ. ಇವರು ಮುಂದಿನ ಕೋಣೆಯಲ್ಲಿ ಯಂತ್ರ ತುಳಿಯುತ್ತಿರುವಾಗ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಮಾರ್ಚ್ ೬, ಬುಧವಾರ

ಸರಿಹೋಗಿಲ್ಲ. ಇವತ್ತೇ ಹೊಸ ಸಿಗಾರಿನ ಮೊದಲ ತೀರ್ಪು ಬೇರೆ ಇತ್ತು.

ಈ ಸಿಗಾರಿಗೆ ಇನ್ನೂ ಹೆಸರಿಟ್ಟಿಲ್ಲ. ಸುತ್ತುವ ಹೆಂಗಸರು ಮಧ್ಯಮಣ್ಣ ಎಂದು ಕರೆಯುತ್ತಾರೆ. ಸೌಮ್ಯವೂ ಅಲ್ಲ, ಗಡಸೂ ಅಲ್ಲ, ನಡುವಿನದು. ಆದರೆ ಎಲೆ ಮೇಲ್ದರ್ಜೆಯದು. ನಮ್ಮಲ್ಲಿ ಎಲೆ ಬೆರೆಸುವವರಿಗೆ ಮೇಷ್ಟ್ರು ಎನ್ನುತ್ತಾರೆ, ಅವರು ಎರಡು ವರ್ಷ ಒದ್ದಾಡಿ ಇದನ್ನು ಬೆರೆಸಿದ್ದಾರೆ. ಈ ತಿಂಗಳ ಕೊನೆಗೆ ಅದು ಹೊರಗೆ ಹೋಗಬೇಕು. ಹೋಗುವ ಮುಂಚೆ ಮೂರು ಸಲ ಎರಡು ಮೂಗಿನ ತೀರ್ಪು ಆಗಬೇಕು.

ತೀರ್ಪಿನ ಕೋಣೆಯಲ್ಲಿ ಎರಡು ಮೇಜು, ನಡುವೆ ಮರದ ಪರದೆ. ಈಚೆ ನಾನು, ಆಚೆ ತಾತ. ನನಗಿಂತ ಮೊದಲಿನಿಂದಲೂ ಆ ಕುರ್ಚಿಯಲ್ಲಿರುವವರು ಅವರು, ಕಾರ್ಖಾನೆಗೆಲ್ಲ ತಾತ. ಒಬ್ಬರ ಮುಖ ಒಬ್ಬರಿಗೆ ಕಾಣಬಾರದು, ಮಾತು ಆಡಬಾರದು. ಸಿಗಾರಿನ ಮೊದಲ ಭಾಗ, ನಡುಭಾಗ, ಕೊನೆಯ ಭಾಗ, ಮೂರಕ್ಕೂ ಬೇರೆ ಬೇರೆ ಬರೆದು ಚೀಟಿ ಮಡಚಿ ಕೊಡಬೇಕು. ಎರಡು ಚೀಟಿ ಹೊಂದಿಕೊಂಡರೆ ಮಾಲು ಪಾಸು. ಮೇಷ್ಟ್ರು ಹೊಗೆ ತಾಗದಷ್ಟು ದೂರ, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿರುತ್ತಾರೆ, ಆದರೆ ಕೊನೆಯ ತೀರ್ಪಿನ ತನಕ ತಾವು ಬೆರೆಸಿದ ಮಾಲನ್ನು ತಾವೇ ಸೇದುವಂತಿಲ್ಲ, ಮೂಸುವಂತೆಯೂ ಇಲ್ಲ. ಹೆತ್ತವರ ಕೈಗೆ ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆ ಕೊಡುವುದಿಲ್ಲವಲ್ಲ, ಅದೇ ಲೆಕ್ಕ.

ತುದಿ ಕತ್ತರಿಸಿ, ಹೊತ್ತಿಸುವ ಮುಂಚೆ ಒಮ್ಮೆ ಎಳೆದೆ. ಒಣ ಎಲೆಯ ಪರಿಮಳ ಬರಬೇಕಿತ್ತು. ಬರೀ ಗಾಳಿ ಬಂತು. ಹೊತ್ತಿಸಿದೆ. ಹೊಗೆಯನ್ನು ಬಾಯಲ್ಲಿ ಹೊರಳಿಸಿ ಸ್ವಲ್ಪ ಮೂಗಿನಿಂದ ಬಿಟ್ಟೆ. ಬಿಸಿ ಗೊತ್ತಾಯಿತು, ಚುರುಕು ಗೊತ್ತಾಯಿತು. ಅಷ್ಟೇ. ಬಿಸಿನೀರಿನ ಆವಿಗೂ ಇದಕ್ಕೂ ವ್ಯತ್ಯಾಸವಿರಲಿಲ್ಲ.

ಶಕ್ತಿಯ ಬಗ್ಗೆ ಮಾತ್ರ ನಿಜ ಬರೆದೆ. ಅದು ಮೂಗಿನ ಕೆಲಸವಲ್ಲ, ಹೊಟ್ಟೆಯದು. ಗಡಸು ಸಿಗಾರಾದರೆ ಅರ್ಧಕ್ಕೆ ಬರುವಷ್ಟರಲ್ಲಿ ಬಿಕ್ಕಳಿಕೆ ಬರುತ್ತದೆ, ಹಣೆ ಬೆವರುತ್ತದೆ. ಇದರಲ್ಲಿ ಬಿಕ್ಕಳಿಕೆ ಇಲ್ಲ, ಪಕ್ಕೆಲುಬಿನ ಕೆಳಗೆ ಒಂದಿಷ್ಟು ಬೆಚ್ಚಗಾಯಿತು. ಮಧ್ಯಮ. ಹಣೆ ಬೆವರುತ್ತಿತ್ತು ನಿಜ, ಆದರೆ ಅದು ಸಿಗಾರಿನದೋ ಭಯದ್ದೋ ಯಾರಿಗೆ ಗೊತ್ತು?

ರುಚಿಯ ಜಾಗ ಖಾಲಿ ಉಳಿಯಿತು. ಆಗ ಪರದೆಯ ಆಚೆ ತಾತ ಕೆಮ್ಮಿದರು.

ತಾತ ಕೆಮ್ಮಿದರೆ ಮೆಣಸಿನ ಘಾಟು, ನೀರು ಕುಡಿದರೆ ಕಹಿ, "ಹ್ಞೂಂ" ಅಂದರೆ ಸಿಹಿ. ಸುತ್ತುವ ಹೆಂಗಸರು ಕೂಡ ಇದನ್ನು ಅಣಕಿಸಿ ನಗುತ್ತಾರೆ. ಅಣಕಕ್ಕೆ ಮಾತ್ರ ಎಂದುಕೊಂಡಿದ್ದು ಇವತ್ತು ನನ್ನ ಜೀವ ಉಳಿಸಿತು. ಮೊದಲ ಭಾಗ ಮೆಣಸು ಎಂದು ಬರೆದೆ. ಸ್ವಲ್ಪ ಹೊತ್ತಿಗೆ "ಹ್ಞೂಂ" ಬಂತು. ನಡುಭಾಗ ಸಿಹಿ. ಕೊನೆಯಲ್ಲಿ ನೀರಿನ ಲೋಟ ಎತ್ತಿಟ್ಟ ಸದ್ದಾಯಿತು. ಕೊನೆಗೆ ತುಸು ಕಹಿ.

ಮೇಷ್ಟ್ರು ಚೀಟಿ ಎರಡನ್ನೂ ಬಿಡಿಸಿ, "ಅಬ್ಬಾ! ಅಚ್ಚು ಹೊಡೆದಂಗಿದೆ. ನೀವಿಬ್ರೂ ಒಂದೇ ತಲೆ ಇಟ್ಕೊಂಡು ಎರಡು ಸಂಬಳ ತಗೋತಿದ್ದೀರಲ್ಲ!" ಎಂದು ನಕ್ಕರು. ಹೊರಗೆ ಬರುವಾಗ, "ಏನಮ್ಮಾ, ಇವತ್ತು ನಿಮ್ಮ ಪೆನ್ಸಿಲ್ ಸುಮ್ಮನಿತ್ತು? ಯಾವಾಗ್ಲೂ ಮೇಜಿನ ಮೇಲೆ ತಾಳ ಹಾಕ್ತಾ ನನ್ನ ತಲೆ ತಿಂತಿದ್ರಿ" ಎಂದರು.

"ಜ್ವರದಿಂದ ಎದ್ದಿದ್ದೀನಿ ಸಾರ್, ತಾಳಕ್ಕೆ ಶಕ್ತಿ ಎಲ್ಲಿಂದ ಬರತ್ತೆ?" ಎಂದೆ. ನಗು ತರಿಸಿಕೊಂಡೆ.

ಇಷ್ಟು ವರ್ಷ ತಾತನ ಚೀಟಿಗೂ ನನ್ನದಕ್ಕೂ ಹೊಂದಿಕೆಯಾದದ್ದು ಮೂಗಿನಿಂದ. ಇವತ್ತು ಕಿವಿಯಿಂದ ಕದ್ದದ್ದು. ಕಳ್ಳಿಗೆ ಇರುವ ಎದೆಬಡಿತ ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಮಾರ್ಚ್ ೮, ಶುಕ್ರವಾರ



ಕೆಲಸದಿಂದ ಬಂದು ಹಾಲು ಕಾಯಲು ಇಟ್ಟೆ. ಒಲೆಯ ಮುಂದೆಯೇ ನಿಂತಿದ್ದೆ, ತಲೆಯೆಲ್ಲ ಮುಂದಿನ ತೀರ್ಪಿನ ಮೇಲೆ. ಎಷ್ಟು ಹೊತ್ತಾದರೂ ಹಾಲು ಉಕ್ಕಲಿಲ್ಲ. ಬಗ್ಗಿ ನೋಡಿದರೆ ಗಾಳಿಗೆ ಉರಿ ಆರಿದೆ. ಬೆಂಕಿಪೊಟ್ಟಣ ತೆಗೆದುಕೊಂಡೆ, ಕಡ್ಡಿ ಹೊರಗೆಳೆದೆ. ಅಷ್ಟರಲ್ಲಿ ಇವರು ಮುಂದಿನ ಕೋಣೆಯಿಂದ ಓಡಿಬಂದು ನನ್ನ ಮಣಿಕಟ್ಟು ಹಿಡಿದರು. ಹಿಡಿದ ರಭಸಕ್ಕೆ ಪೊಟ್ಟಣ ಹಾಲಿನೊಳಗೆ ಬಿತ್ತು.

"ಗ್ಯಾಸ್ ಕಣೇ! ಬೀದಿವರೆಗೂ ಹೊಡೀತಿದೆ, ನಿನಗೆ ಮೂಗಿಲ್ವಾ?"

ಒಲೆಯ ಗುಂಡಿ ತಿರುಗಿಸಿ ಗ್ಯಾಸ್ ನಿಲ್ಲಿಸಿ, ಕಿಟಕಿ ಪೂರ್ತಿ ತೆರೆದು, ನನ್ನನ್ನು ತಳ್ಳಿಕೊಂಡೇ ಹೊರಗೆ ಬಂದರು. ಮೆಟ್ಟಿಲ ಮೇಲೆ ಇಬ್ಬರೂ ಏದುಸಿರು ಬಿಡುತ್ತ ಕೂತೆವು.

"ನೆಗಡಿ ರೀ" ಎಂದೆ.

ನನ್ನ ಮುಖವನ್ನು ತುಂಬ ಹೊತ್ತು ನೋಡಿ, "ಹ್ಞೂಂ. ನೆಗಡಿ" ಎಂದರು.

ಬೇರೆ ದಿನವಾಗಿದ್ದರೆ ಊಟದವರೆಗೂ ಬೈಗುಳ ನಿಲ್ಲುತ್ತಿರಲಿಲ್ಲ. ಇವತ್ತು ತುಟಿ ಬಿಚ್ಚಲಿಲ್ಲ. ಹಾಲು ಚೆಲ್ಲಿ ಪಾತ್ರೆಯನ್ನು ತಾವೇ ತೊಳೆದಿಟ್ಟರು. ನನಗಿಂತ ಅವರೇ ಹೆಚ್ಚು ಹೆದರಿದ್ದರೋ ಏನೋ.

ಒಂದೇ ಒಂದು ಕಡ್ಡಿ. ದೇವರೇ.

ಮಾರ್ಚ್ ೧೦, ಭಾನುವಾರ

ಇವರಿಗೆ ಏನು ಬಂದಿದೆಯೋ. ಮುಂದಿನ ಕೋಣೆಯಲ್ಲಿ ಬೆಳಕು ಸಾಲದಂತೆ. ಹೊಲಿಗೆ ಯಂತ್ರವನ್ನು ಎಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲೇ ಇಟ್ಟಿದ್ದಾರೆ. ಅಡುಗೆಮನೆಗೆ ಇರುವುದು ಅಂಗೈಯಗಲದ ಒಂದು ಕಿಟಕಿ, ಅಲ್ಲಿ ಯಾವ ಬೆಳಕು ಕಂಡರೋ. ನಾನು ಒಳಗೆ ಹೋಗಬೇಕಾದರೆ ಪಕ್ಕಕ್ಕೆ ತಿರುಗಿ ನುಸುಳಬೇಕು. ನೆಲದ ತುಂಬ ದಾರದ ತುಂಡು, ಸಾರಿನಲ್ಲೂ ಒಂದು ಸಿಕ್ಕಿತು.

"ಗಿರಾಕಿಗಳು ಅಡುಗೆಮನೆಗೇ ಬಂದು ಅಳತೆ ಕೊಡ್ಬೇಕಾ?" ಎಂದೆ.

"ಬಂದ್ರೆ ಬರ್ಲಿ, ಊಟಾನೂ ಮಾಡ್ಕೊಂಡು ಹೋಗ್ಲಿ" ಎಂದರು.

ಬರೆಯುವುದಕ್ಕೂ ಜಾಗ ಉಳಿದಿಲ್ಲ. ಎಲ್ಲಿ ಕೂತರೂ ಈ ಮನುಷ್ಯನ ಯಂತ್ರದ ಕಟಕಟ.

ಮಾರ್ಚ್ ೧೩, ಬುಧವಾರ

ಹೆದರಿಕೆ ತಡೆಯಲಾರದೆ ಡಾಕ್ಟರ ಹತ್ತಿರ ಹೋದೆ. ನಮ್ಮ ಬೀದಿಯವರಲ್ಲ, ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದವರು. ಮೂಗಿನೊಳಗೆ ದೀಪ ಬಿಟ್ಟು ನೋಡಿದರು. ಗಡ್ಡೆ ಗಿಡ್ಡೆ ಏನೂ ಇಲ್ಲವಂತೆ.

"ಜ್ವರ ಆದ್ಮೇಲೆ ಕೆಲವರಿಗೆ ಹೀಗಾಗತ್ತೆ. ವಾಪಸ್ ಬರಬಹುದು, ಬರದೇನೂ ಇರಬಹುದು" ಎಂದರು. "ಏನು ಕೆಲಸ ನಿಮ್ಮದು?"

ಬಾಯಿಗೆ ಬಂದದ್ದು ಹೇಳಿದೆ. "ಹೊಲಿಗೆ."

"ಹಾಗಾದ್ರೆ ಬಿಡಿ, ಹೊಲಿಗೆಗೆ ಮೂಗು ಯಾಕೆ ಬೇಕು" ಎಂದು ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಅಳು ತಡೆಯಲಾಗಲಿಲ್ಲ. ಪಕ್ಕದ ಹೆಂಗಸು, "ಯಾರಾದ್ರೂ ಹೋದ್ರೇನಮ್ಮಾ?" ಎಂದು ಕೇಳಿದಳು. ಹ್ಞೂಂ ಎಂದೆ.

ದಿನಾ ಬೆಳಿಗ್ಗೆ ಘಾಟಿರುವ ಪದಾರ್ಥಗಳನ್ನು ಒಂದೊಂದಾಗಿ ಮೂಸಿ, ಅದರ ವಾಸನೆಯನ್ನು ನೆನಪು ಮಾಡಿಕೊಳ್ಳಬೇಕಂತೆ. ಮರೆತ ದಾರಿ ಮೂಗಿಗೆ ಮತ್ತೆ ನೆನಪಾಗಬಹುದು ಎಂದರು.

ಮಾರ್ಚ್ ೧೮, ಸೋಮವಾರ

ನಿಂಬೆ, ಇಲ್ಲ. ಲವಂಗ, ಇಲ್ಲ. ಸೋಪು, ಇಲ್ಲ. ಸೀಮೆಎಣ್ಣೆ, ಇಲ್ಲ.

ನಿನ್ನೆಯೂ ಇಲ್ಲ, ಮೊನ್ನೆಯೂ ಇಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ಮೂಸುತ್ತೇನೆ. ಮನೆಯಲ್ಲಿ ನಿಂಬೆಹಣ್ಣು ಮಾತ್ರ ದಿನಾ ತಾಜಾ ಇರುತ್ತದೆ, ನಾನು ತಂದ ನೆನಪೇ ಇಲ್ಲ. ತಲೆಯೂ ಕೆಡುತ್ತಿದೆಯೋ ಏನೋ.

ಮಾರ್ಚ್ ೨೦, ಬುಧವಾರ

ಎರಡನೇ ತೀರ್ಪು.

ಹೊತ್ತಿಸಿ ಕಾದೆ. ಆಚೆಯಿಂದ ಸದ್ದಿಲ್ಲ. ಬೂದಿ ಬೆಳೆಯುತ್ತ ಹೋಯಿತು. ಬೂದಿ ಚೆನ್ನಾಗಿತ್ತು, ಬೆಳ್ಳಗೆ, ಗಟ್ಟಿಯಾಗಿ. ಉರಿಯೂ ಸುತ್ತ ಸಮನಾಗಿ ಇಳಿಯುತ್ತಿತ್ತು. ಕಣ್ಣಿಗೆ ಕಂಡದ್ದನ್ನೆಲ್ಲ ಬರೆದು ಮುಗಿಸಿದೆ. ತಾತ ಕೆಮ್ಮಲೇ ಇಲ್ಲ. ನಿದ್ದೆ ಹೋದರೇ? ಇಲ್ಲವೇ ನನ್ನ ಕಳ್ಳತನ ಅವರಿಗೆ ಗೊತ್ತಾಗಿ ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದಾರೆಯೇ? ಮೇಷ್ಟ್ರು ಸ್ಟೂಲಿನ ಮೇಲೆ ಕಾಲು ಬದಲಿಸಿ ನನ್ನ ಕಡೆಯೇ ನೋಡಿದರು.

ಕೊನೆಗೂ ಕೆಮ್ಮು ಬಂತು. ಆಮೇಲೆ ಒಂದಾದ ಮೇಲೊಂದು "ಹ್ಞೂಂ", "ಹ್ಞೂಂ". ಬರೆದು ಮುಗಿಸುವಷ್ಟರಲ್ಲಿ ಪೆನ್ಸಿಲ್ ಒದ್ದೆಯಾಗಿತ್ತು.

ಚೀಟಿ ಮತ್ತೆ ಹೊಂದಿತು. ಮೇಷ್ಟ್ರು ಕುಣಿಯುವುದೊಂದು ಬಾಕಿ.

ಹೊರಗೆ ತಾತ ಗೋಡೆ ಹಿಡಿದುಕೊಂಡು ನಿಂತಿದ್ದರು, ಮುಖ ಬಿಳಿಚಿತ್ತು. "ಹುಷಾರಿದ್ದೀರಾ ತಾತಾ?" ಎಂದೆ. "ನೀನು ಹುಷಾರಿದ್ದೀಯಾ ಮಗಳೇ? ತುಂಬಾ ಮೌನವಾಗ್ಬಿಟ್ಟಿದ್ದೀಯ" ಎಂದರು. ನನಗೆ ಅವರ ಕಣ್ಣು ನೋಡುವ ಧೈರ್ಯವಾಗಲಿಲ್ಲ.

ಮಾರ್ಚ್ ೨೩, ಶನಿವಾರ

ತೀರ್ಪಿನ ನಂತರ ಉಳಿದ ಸಿಗಾರನ್ನು ನಾವು ಮನೆಗೆ ತರಬಹುದು. ಬುಧವಾರ ತಂದ ಎರಡು ಮಧ್ಯಮಣ್ಣ ನನ್ನ ಕೈಚೀಲದಲ್ಲೇ ಉಳಿದಿದ್ದವು. ಸಂಜೆ ಇವರು ಚಿಲ್ಲರೆ ಹುಡುಕಲು ಚೀಲ ಬಿಚ್ಚಿ ಮುಖ ಹಿಂಡಿದರು.

"ಒದ್ದೆ ಬಟ್ಟೆ ಏನಾದ್ರೂ ಇಟ್ಟು ಮರೆತಿದ್ದೀಯೇನೇ? ನೆನೆದ ಗೋಣಿಚೀಲದ ವಾಸನೆ ಹೊಡೀತಿದೆ."

"ಬಟ್ಟೆ ಎಲ್ಲಿದೆ ಅದ್ರಲ್ಲಿ? ಸಿಗಾರ್ ಇರೋದು."

ಒಂದನ್ನು ಮೂಗಿಗೆ ಹಿಡಿದು, "ಇದೇ. ಥೂ, ಬೂಷ್ಟು ಹಿಡಿದಿದೆ ಕಣೇ" ಎಂದರು.

ಬೂಷ್ಟು ಹಿಡಿದ ಮಾಲನ್ನು ನಾನು ಪಾಸು ಮಾಡಿದ್ದೇನೆಯೇ? ಬಟ್ಟೆ ಹೊಲಿಯುವವರಿಗೆ ಸಿಗಾರಿನ ವಿಷಯ ಏನು ಗೊತ್ತು ಎಂದು ಕಿರುಚಿದೆ. ಕಿರುಚಬಾರದಿತ್ತು. ಇವರು ಸುಮ್ಮನೆ ಸಿಗಾರನ್ನು ಅಲ್ಲೇ ಇಟ್ಟು ಹೋದರು.

ತಾತ ಪಾಸು ಮಾಡಿದ್ದಾರಲ್ಲ. ತಾತನಿಗೆ ತಿಳಿಯದ ಬೂಷ್ಟೇ?

ಮಾರ್ಚ್ ೨೪, ಭಾನುವಾರ

ರಾತ್ರಿಯಿಡೀ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಬೆಳಿಗ್ಗೆ ಎದ್ದವಳೇ, "ಬನ್ನಿ ರೀ, ಕೂತ್ಕೊಳ್ಳಿ" ಎಂದೆ. ಕಣ್ಣಿಗೆ ಬಟ್ಟೆ ಕಟ್ಟಿದೆ.

"ಈ ವಯಸ್ಸಲ್ಲಿ ಕಣ್ಣಾಮುಚ್ಚಾಲೆನಾ?" ಎಂದು ನಕ್ಕರು, ಆದರೆ ಕೂತರು.

ಇಸ್ತ್ರಿ ಮೇಜಿನ ಮೇಲೆ ಸಿಗಾರುಗಳನ್ನು ಸಾಲಾಗಿ ಇಟ್ಟೆ. ಹಳೆಯ ಮಾಲಿನವು ಕೆಲವು, ಮಧ್ಯಮಣ್ಣ ಎರಡು. ಎಲ್ಲದರ ಕಾಗದದ ಪಟ್ಟಿ ಬಿಚ್ಚಿದ್ದೆ. ಒಂದೊಂದಾಗಿ ಅವರ ಮೂಗಿನ ಬಳಿ ಹಿಡಿದೆ.

"ಇದು ಸರಿ. ಇದೂ ಸರಿ, ಬೆಲ್ಲದ ಥರ ಇದೆ. ಥೂ, ಇದು ಗೋಣಿಚೀಲ. ಇದೂ ಅದೇ. ಇದು ಸರಿ."

ಅದಲುಬದಲು ಮಾಡಿದೆ. ಎರಡನ್ನೂ ಒಟ್ಟಿಗೆ ಇಟ್ಟೆ, ದೂರ ಇಟ್ಟೆ, ಒಂದನ್ನು ತೆಗೆದೇಬಿಟ್ಟೆ. ಪ್ರತಿ ಸಲವೂ ಸರಿಯಾಗಿ ಮಧ್ಯಮಣ್ಣನನ್ನೇ ಹಿಡಿದರು. ಮನುಷ್ಯನಿಗೆ ಇಂಥ ಮೂಗಿತ್ತೇ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಒಂದು ಸಲವೂ ಕೇಳಿರಲಿಲ್ಲ.

"ಸಂಬಳ ಎಷ್ಟು ಕೊಡ್ತೀಯ?" ಎಂದರು. ಕಣ್ಣಿನ ಬಟ್ಟೆ ಬಿಚ್ಚದೆಯೇ, "ಪೂರ್ತಿ ಹೋಗಿದೆಯಾ?" ಎಂದು ಕೇಳಿದರು.

"ಏನು?"

"ಮೂಗು ಕಣೇ."

ನಾನು ಸಿಗಾರುಗಳನ್ನು ಚೀಲಕ್ಕೆ ತುಂಬತೊಡಗಿದೆ. "ಜ್ವರ ಬಿಟ್ಟಾಗಿಂದ ಅಡುಗೆಗೆ ಅದೆಷ್ಟು ಖಾರ ಹಾಕ್ತಿದ್ದೀಯ ಅಂದ್ರೆ ನನ್ನ ನಾಲಿಗೆ ಸುಟ್ಟು ಕರಕಲಾಗಿದೆ. ನಾನು ಬಾಯಿ ಬಿಟ್ಟೆನಾ?" ಎಂದರು.

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೆಗಡಿ ಅಂತಿದ್ದೆ."

ಅವರ ಹೆಗಲಿಗೆ ಹಣೆ ಒತ್ತಿ ಅತ್ತೆ. ಎಲ್ಲ ಹೇಳಿಬಿಟ್ಟೆ, ಕೆಮ್ಮನ್ನು ಕದ್ದದ್ದನ್ನೂ. ಇವರು ಇದನ್ನು ಯಾರಿಗೂ ಹೇಳಲಾರರು ಎಂದು ನನಗೆ ಯಾಕೆ ಅನ್ನಿಸಿತೋ ತಿಳಿಯದು. ಹೇಳುವುದೂ ಇಲ್ಲ.

ಮಾರ್ಚ್ ೨೬, ಮಂಗಳವಾರ

ನಾಳೆ ಕೊನೆಯ ತೀರ್ಪು. ಪಾಸಾದರೆ ಮಧ್ಯಾಹ್ನವೇ ಲಾರಿ ಹೊರಡುತ್ತದೆ.

ತಲೆಯಲ್ಲಿ ಒಂದೇ ಪ್ರಶ್ನೆ. ಬೂಷ್ಟು ಇದೆ, ತಾತನಿಗೆ ಗೊತ್ತಾಗದೆ ಇರುವುದಿಲ್ಲ, ಆದರೂ ಪಾಸು ಮಾಡಿದ್ದಾರೆ. ಯಾಕೆ? ಮೇಷ್ಟ್ರ ಮೇಲಿನ ಪ್ರೀತಿಗೋ? ಯಾರಾದರೂ ಕೈಬಿಸಿ ಮಾಡಿದರೋ? ತಾತನ ಬಗ್ಗೆ ಹೀಗೆ ಯೋಚಿಸಿದ್ದಕ್ಕೆ ನಾಲಿಗೆ ಕಚ್ಚಿಕೊಂಡೆ. ಆದರೂ ಯೋಚನೆ ಹೋಗಲಿಲ್ಲ.

ಬಾಯಿ ಬಿಟ್ಟರೆ ನನ್ನ ಕುರ್ಚಿ ಹೋಗುತ್ತದೆ. ಮೂಗಿಲ್ಲದವಳು ಎಂದು ಗೊತ್ತಾದ ಮೇಲೆ ಆ ಕೋಣೆಯ ಬಾಗಿಲಿಗೂ ನನ್ನನ್ನು ಬಿಡುವುದಿಲ್ಲ. ನನಗೆ ಗೊತ್ತಿರುವುದು ಅದೊಂದೇ ಕೆಲಸ. ಬಾಯಿ ಮುಚ್ಚಿಕೊಂಡರೆ ಬೂಷ್ಟಿನ ಹೊಗೆ ಯಾರ ಯಾರ ಬಾಯಿಗೋ ಹೋಗುತ್ತದೆ, ಮೇಷ್ಟ್ರ ಎರಡು ವರ್ಷವೂ ಮಣ್ಣುಪಾಲು.

"ಹೇಳ್ಬಿಡ್ಲಾ?" ಎಂದು ಇವರನ್ನು ಕೇಳಿದೆ.

"ನಂಗೂ ಹೆದರಿಕೆ ಆಗ್ತಿದೆ ಕಣೇ" ಎಂದರು. "ಗೇಟಿನವರೆಗೂ ನಾನೂ ಬರ್ತೀನಿ."

ಮಾರ್ಚ್ ೨೭, ಬುಧವಾರ

ಮುಗಿಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಓಣಿಯಲ್ಲಿ ಪೆಟ್ಟಿಗೆಗಳನ್ನು ಆಗಲೇ ಪೇರಿಸಿದ್ದರು. ನಾನು ಕೂತು, ಕತ್ತರಿಸಿ, ಹೊತ್ತಿಸಿದೆ. ಮೊದಲ ಭಾಗ ಅರ್ಧವಾಗುವಷ್ಟರಲ್ಲಿ ಆಚೆಯಿಂದ ಕೆಮ್ಮು ಬಂತು. ನನ್ನ ಪೆನ್ಸಿಲ್ ತಾನಾಗಿಯೇ "ಮೆ" ಎಂದು ಬರೆಯಿತು. ಅಲ್ಲೇ ನಿಲ್ಲಿಸಿದೆ.

"ತಾತಾ" ಎಂದೆ. "ನನಗೆ ಏನೂ ವಾಸನೆ ಬರ್ತಿಲ್ಲ. ಜ್ವರ ಬಿಟ್ಟಾಗಿಂದ ಬರ್ತಿಲ್ಲ. ನಿಮ್ಮ ಕೆಮ್ಮು ಕೇಳ್ಕೊಂಡು ಬರೆದಿದ್ದೀನಿ. ಇದು ಬೂಷ್ಟು ಹಿಡಿದಿದೆ ಅಂತಿದ್ದಾರೆ ನಮ್ಮವರು. ನಿಮಗೆ ಗೊತ್ತಾಗ್ತಿಲ್ವಾ?"

ಮೇಷ್ಟ್ರು ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಏನಮ್ಮಾ ಇದು? ತೀರ್ಪಿನ ಹೊತ್ತಲ್ಲಿ ಮಾತಾ? ಏನು ಹೇಳ್ತಿದ್ದೀರಿ ನೀವು?"

ಆಚೆಯಿಂದ ತಾತನ ದನಿ ಬಂತು. "ಬೂಷ್ಟು ಇಲ್ಲ. ಒಳ್ಳೆ ಮಾಲು. ಮಗಳಿಗೆ ಹುಷಾರಿಲ್ಲ, ಮನೆಗೆ ಕಳಿಸಿ."

ತಾತ ನನ್ನನ್ನು ಒಂಟಿಯಾಗಿ ಬಿಟ್ಟರು ಅನ್ನಿಸಿತು. ಸಿಟ್ಟು ಬಂತು. ಎದ್ದು ನಿಂತೆ, ಪರದೆ ನನ್ನ ತಲೆಗಿಂತ ಎತ್ತರ, ಅವರು ಕಾಣಲಿಲ್ಲ. "ಹಾಗಾದ್ರೆ ಏನು ಬರ್ತಿದೆ ಅಂತ ಬಾಯಿ ಬಿಟ್ಟು ಹೇಳಿ ತಾತಾ. ಮೇಷ್ಟ್ರೂ ಕೇಳಿಸ್ಕೊಳ್ಳಲಿ" ಎಂದೆ.

ಹೇಳಿದರು. "ಮೊದಲು ಮೆಣಸು. ತುಂಬಾ ಅಲ್ಲ, ನಾಲಿಗೆ ತುದೀಲಿ. ಆಮೇಲೆ ಹುರಿದ ಬಾದಾಮಿ. ಹೊಗೆ ಮೃದುವಾಗಿದೆ, ಗಂಟಲಿಗೆ ತಾಗ್ತಿಲ್ಲ. ಈಗ ನಿಧಾನಕ್ಕೆ ಮರದ ಪರಿಮಳ ಬರ್ತಿದೆ… ಇಗೋ, ಈಗ ಸಿಹಿ."

ಎಷ್ಟು ಚೆನ್ನಾಗಿ ಹೇಳಿದರೆಂದರೆ ಒಂದು ಕ್ಷಣ ನಾನೇ ನಂಬಿದೆ. ನನ್ನ ಗಂಡನ ಮೂಗನ್ನು ಕಟ್ಟಿಕೊಂಡು ನಾನೇ ಹಾಳಾದೆನೇ ಎಂದುಕೊಂಡೆ. ಮೇಷ್ಟ್ರ ಮುಖ ಅರಳಿತು. ತಾತನ ಭುಜ ತಟ್ಟಲೆಂದು ಪರದೆಯ ಆಚೆ ಹೋದರು. ಎತ್ತರದ ಆಳು, ಅವರ ಮುಖ ಮಾತ್ರ ನನಗೆ ಮೇಲೆ ಕಾಣುತ್ತಿತ್ತು. ಆ ಮುಖ ಹಾಗೇ ನಿಂತುಹೋಯಿತು. ಆಮೇಲೆ ಬಗ್ಗಿತು.

"ತಾತಾ" ಎಂದು ತುಂಬ ಮೆಲ್ಲಗೆ ಕರೆದರು. "ಇದು ಆರಿಹೋಗಿದೆ."

ಆಚೆ ಕುರ್ಚಿ ಕಿರ್ರೆಂದಿತು.

"ಬೂದಿ ತಣ್ಣಗಿದೆ ತಾತಾ. ಹೊತ್ತಿಸಿ ಒಂದು ದಮ್ಮೂ ಎಳೆದಂಗಿಲ್ಲ."

"ಈಗ… ಈಗ ತಾನೇ ಆರಿತು" ಎಂದರು ತಾತ. ಅಂಥ ದನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

ಮೇಷ್ಟ್ರು ಅದನ್ನು ಅವರ ಬೆರಳಿನಿಂದ ಬಿಡಿಸಿಕೊಂಡು, ತಮ್ಮ ಕಟ್ಟಳೆಯನ್ನು ತಾವೇ ಮುರಿದು, ಮೂಗಿಗೆ ಹಿಡಿದರು. ಇಸ್ತ್ರಿಯ ಅಂಗಿಯಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಲಾರಿ ನಿಂತಿತು. ಸುತ್ತಿದ ಮಾಲು ಹದವಾಗಲು ಇಟ್ಟಿದ್ದ ಕೋಣೆಯ ಹಿಂದಿನ ಗೋಡೆಗೆ ನೀರು ಇಳಿಯುತ್ತಿತ್ತಂತೆ, ಒಳಸಾಲಿನ ಪೆಟ್ಟಿಗೆಗಳ ತಳದಲ್ಲೆಲ್ಲ ಹಸಿರು ಬೂಷ್ಟು. ನಮ್ಮಿಬ್ಬರಿಗೂ ಮನೆಗೆ ಹೋಗಿ ಎಂದರು. ನಾಳೆ ಬನ್ನಿ ಎಂದು ಹೇಳಲಿಲ್ಲ.

ಸೈಕಲ್ ನಿಲ್ಲಿಸುವ ಕಡೆ ಕಲ್ಲುಬೆಂಚಿನ ಮೇಲೆ ತಾತ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಬೈಯಬೇಕು ಎಂದುಕೊಂಡೇ ಕೂತದ್ದು.

"ಯಾವಾಗಿಂದ ತಾತಾ?"

"ನನ್ನ ಹೆಂಡತಿ ತೀರಿಕೊಂಡ ವರ್ಷದಿಂದ. ನೀನು ಆಗಿನ್ನೂ ಹೊಸಬಳು."

"ಹಾಗಾದ್ರೆ ಇಷ್ಟು ವರ್ಷ?"

"ನಿನ್ನ ಪೆನ್ಸಿಲ್ ಇತ್ತಲ್ಲ ಮಗಳೇ. ಖಾರ ಬಂದ್ರೆ ಬಡಬಡ ಬಡೀತಿದ್ದೆ. ಸಿಹಿ ಬಂದ್ರೆ ಮೆಲ್ಲಗೆ. ಹಿಡಿಸ್ಲಿಲ್ಲ ಅಂದ್ರೆ ಕೆಳಗಿಟ್ಟೇ ಬಿಡ್ತಿದ್ದೆ. ನೀನು ಬಡಿದ ಮೇಲೇ ನಾನು ಕೆಮ್ಮುತ್ತಿದ್ದದ್ದು. ಜ್ವರದಿಂದ ಎದ್ದು ಬಂದವಳು ಪೆನ್ಸಿಲ್ ನಿಲ್ಲಿಸಿಬಿಟ್ಟೆ. ನನಗೆ ಕೈಕಾಲೇ ಬಿದ್ದುಹೋಯ್ತು. ಸುಮ್ನೆ ಕೆಮ್ಮಿ ನೋಡ್ದೆ, ನೀನು ಬರೆಯೋ ಸದ್ದು ಕೇಳಿಸ್ತು. ಸದ್ಯ ಸರಿಯಾಯ್ತು ಅಂತ ನಾನೂ ಅದನ್ನೇ ಬರೆದೆ."

"ಇವತ್ತಾದ್ರೂ ನಿಜ ಹೇಳ್ಬಹುದಿತ್ತಲ್ಲ?"

"ಹೆದರಿಕೆ" ಎಂದರು. "ನೀನು ಎದ್ದು ಹೋದ್ರೆ ನಾನು ಯಾರನ್ನ ಕೇಳಿಸ್ಕೊಂಡು ಬರೀಲಿ?"

ಬೈಯಲಾಗಲಿಲ್ಲ. ಅವರ ಕೈ ಹಿಡಿದು ಬಸ್ಸಿಗೆ ಹತ್ತಿಸಿದೆ. ಗೇಟಿನ ಬಳಿ ಇವರು ಬೆಳಿಗ್ಗೆಯಿಂದ ಅಲ್ಲೇ ನಿಂತಿದ್ದರು, ಮನೆಗೆ ಹೋಗಿರಲೇ ಇಲ್ಲ.

ಕುರ್ಚಿ ಹೋಗುತ್ತದೆ ಎಂಬ ಭಯ ಈಗ ಇಲ್ಲ, ಹೋದ ಮೇಲೆ ಏನು ಭಯ. ಇದು ಬೇರೆ. ದಾರಿಯುದ್ದಕ್ಕೂ ಅದೇ ಕೊರೆಯಿತು. ಕೆಲವು ವರ್ಷದ ಹಿಂದೆ ನಮ್ಮಿಬ್ಬರ ಚೀಟಿಯ ಮೇಲೆ ಒಂದು ಕೋಣೆ ತುಂಬ ಎಲೆಯನ್ನು ಕೆಟ್ಟದೆಂದು ಸುಟ್ಟುಹಾಕಿದರು. ಅದನ್ನು ಬೆರೆಸಿದ್ದ ಆಗಿನ ಮೇಷ್ಟ್ರು, ಕೆಟ್ಟಿಲ್ಲ, ಇನ್ನೊಂದು ಸಲ ನೋಡಿ ಎಂದು ಎಲ್ಲರ ಮುಂದೆ ಕೈಮುಗಿದರು. ಎರಡು ಮೂಗು ಹೇಳಿದ ಮೇಲೆ ಮುಗಿಯಿತು ಎಂದರು ಮಾಲೀಕರು. ಆ ಮೇಷ್ಟ್ರು ಕೆಲಸ ಬಿಟ್ಟು, ಊರೂ ಬಿಟ್ಟು ಹೋದರು. ನಾನು ಅವತ್ತು ಅರೆಮನಸ್ಸಿನಲ್ಲೇ ಬರೆದಿದ್ದೆ. ತಾತನ ಚೀಟಿಯಲ್ಲೂ ಅದೇ ಇದೆ ಎಂದು ಗೊತ್ತಾದ ಮೇಲೆ ಮನಸ್ಸು ಹಗುರವಾಗಿ, ಮನೆಗೆ ಬಂದು ಹೊಟ್ಟೆತುಂಬ ಉಂಡು ಮಲಗಿದ್ದೆ. ಆ ಎರಡನೇ ಮೂಗು ಅವತ್ತೂ ನನ್ನ ಪೆನ್ಸಿಲ್ಲೇ ಆಗಿತ್ತು.

ಇವರಿಗೆ ಇದನ್ನೂ ಹೇಳಿದೆ. ಪಕ್ಕದಲ್ಲೇ ಕೂತಿದ್ದಾರೆ, ನಾನು ಬರೆದು ಮುಗಿಸುವ ತನಕ ಏಳಬೇಡಿ ಎಂದಿದ್ದೇನೆ. ಈಗ ತಾನೇ ಕೇಳಿದರು, "ಆ ಎಲೆ ನಿಜವಾಗ್ಲೂ ಕೆಟ್ಟಿತ್ತಾ?"

ಗೊತ್ತಿಲ್ಲ ಎಂದೆ.

"ಅವತ್ತು ಗೊತ್ತಿತ್ತಾ?"

ಅವತ್ತೂ ಗೊತ್ತಿರಲಿಲ್ಲ.